ಅಲೆಕ್ಸಾಂಡರ್ಸ್ ರ‍್ಯಾಗ್‌ಟೈಮ್ ಬ್ಯಾಂಡ್ (1938): ಹೆಸರಿನಲ್ಲಿರುವ ರ‍್ಯಾಗ್‌ಟೈಮ್ ಚಿತ್ರದಲ್ಲಿ ಎಲ್ಲಿದೆ?

ಚರ್ಚೆ ಆರಂಭಿಸಿದವರು, ಶಿವಮೊಗ್ಗ

ಹೆನ್ರಿ ಕಿಂಗ್ ನಿರ್ದೇಶಿಸಿದ ಈ ಕಪ್ಪುಬಿಳುಪು ಚಿತ್ರವನ್ನು ಕಳೆದ ತಿಂಗಳು ಎರಡು ಬಾರಿ ನೋಡಿದೆ. ಮೊದಲ ಸಲ ಹಾಡುಗಳಿಗೆ ಮನಸೋತು ನೋಡಿದೆ. ಎರಡನೆಯ ಸಲ ನೋಡುವಾಗ, ತೆರೆಯ ಮೇಲೆ ಯಾರು ಇಲ್ಲ ಎಂಬುದೇ ಮನಸ್ಸನ್ನು ಕೊರೆಯತೊಡಗಿತು. ಆ ಕೊರೆತವನ್ನು ಇಲ್ಲಿ ಹಂಚಿಕೊಂಡು ನಿಮ್ಮೆಲ್ಲರ ಅಭಿಪ್ರಾಯ ಕೇಳಬೇಕೆನಿಸಿದೆ.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದ ಶ್ರೀಮಂತರ ಬಡಾವಣೆಯಾದ ನಾಬ್ ಹಿಲ್‌ನ ಹುಡುಗ ರೋಜರ್ ಗ್ರಾಂಟ್ (ಟೈರೋನ್ ಪವರ್) ಪಿಟೀಲಿನಲ್ಲಿ ಶಾಸ್ತ್ರೀಯ ಸಂಗೀತ ಕಲಿತವನು. ಅತ್ತೆಗೂ ಗುರುವಿಗೂ ಬೇಸರವಾಗುವಂತೆ ಅವನು ಗೆಳೆಯರನ್ನು ಕಟ್ಟಿಕೊಂಡು ಬಾರ್ಬರಿ ಕೋಸ್ಟ್ ಎಂಬ ಕುಖ್ಯಾತ ಬೀದಿಯ ಹೆಂಡದಂಗಡಿಯಲ್ಲಿ ನುಡಿಸಲು ಹೋಗುತ್ತಾನೆ. ತಂದಿದ್ದ ಸ್ವರಲಿಪಿಯ ಹಾಳೆಗಳು ಸಿಗದೆ, ಅಲ್ಲೇ ಕೈಗೆ ಸಿಕ್ಕಿದ ಬೇರೊಬ್ಬರ ಹಾಳೆಯನ್ನು ನೋಡಿ ನುಡಿಸುತ್ತಾರೆ. ಆ ಹಾಳೆಯ ಒಡತಿ ಸ್ಟೆಲ್ಲಾ ಕರ್ಬಿ (ಆಲಿಸ್ ಫೇ) ಸಿಟ್ಟಿನಿಂದ ಎದ್ದುಬಂದು ಹಾಡಿಗೆ ಧ್ವನಿಗೂಡಿಸುತ್ತಾಳೆ. ಹಾಡಿನ ಹೆಸರೇ ತಂಡದ ಹೆಸರಾಗುತ್ತದೆ, ರೋಜರ್ ಅಲ್ಲಿಂದ ಮುಂದೆ ಅಲೆಕ್ಸಾಂಡರ್ ಆಗುತ್ತಾನೆ. ಪಿಯಾನೋ ನುಡಿಸುವ, ಹಾಡು ಕಟ್ಟುವ ಚಾರ್ಲಿ (ಡಾನ್ ಅಮೀಚಿ) ಸ್ಟೆಲ್ಲಾಳನ್ನು ಪ್ರೀತಿಸುತ್ತಾನೆ, ಸ್ಟೆಲ್ಲಾ ಅಲೆಕ್ಸಾಂಡರನನ್ನು. ಜಗಳ, ಅಗಲಿಕೆ, ಮಹಾಯುದ್ಧ, ಮದುವೆ, ವಿಚ್ಛೇದನ ಎಲ್ಲವೂ ಆಗಿ, ಕೊನೆಗೆ ನ್ಯೂಯಾರ್ಕಿನ ಪ್ರತಿಷ್ಠಿತ ಸಂಗೀತ ಸಭಾಂಗಣವಾದ ಕಾರ್ನೆಗಿ ಹಾಲ್‌ನಲ್ಲಿ ಅದೇ ಹಾಡು ಮೊಳಗುವಾಗ ಇಬ್ಬರೂ ಮತ್ತೆ ಎದುರಾಗುತ್ತಾರೆ.

1911ರಿಂದ ಚಿತ್ರ ತೆರೆಕಂಡ ಕಾಲದವರೆಗಿನ ಅಮೆರಿಕದ ಜನಪ್ರಿಯ ಸಂಗೀತದ ಯಾತ್ರೆಯನ್ನು ಹೇಳುತ್ತೇನೆಂದು ಹೊರಟ ಈ ಚಿತ್ರದಲ್ಲಿ, ಆ ಸಂಗೀತವನ್ನು ಹುಟ್ಟುಹಾಕಿದ ಆಫ್ರಿಕನ್-ಅಮೆರಿಕನ್ ವಾದಕರಲ್ಲಿ ಒಬ್ಬನಿಗೂ ಕಥೆಯೊಳಗೆ ಸ್ಥಾನವಿಲ್ಲ. ರ‍್ಯಾಗ್‌ಟೈಮ್ ಎಂಬ ಪಿಯಾನೋ ಸಂಗೀತದ ಹೆಸರಾಂತ ಕಪ್ಪುವರ್ಣೀಯ ರಚನೆಕಾರ ಸ್ಕಾಟ್ ಜಾಪ್ಲಿನ್‌ನ ಹೆಸರನ್ನು ಯಾರೂ ಉಚ್ಚರಿಸುವುದಿಲ್ಲ. ರ‍್ಯಾಗ್‌ಟೈಮ್ ಎಂಬುದು ಶ್ರೀಮಂತ ಮನೆಯ ಹುಡುಗನೊಬ್ಬ ಹೆಂಡದಂಗಡಿಯಲ್ಲಿ ಆಕಸ್ಮಿಕವಾಗಿ ಕಂಡುಕೊಂಡ ವಸ್ತುವಿನಂತೆ ಕಾಣುತ್ತದೆ. ಈ ಕೊರತೆಯನ್ನು ಅರಿತ ಮೇಲೂ ಚಿತ್ರವನ್ನು ಮೊದಲಿನ ಪ್ರೀತಿಯಿಂದ ನೋಡಲು ಸಾಧ್ಯವೇ? ನನ್ನ ಮಟ್ಟಿಗೆ ಇದು ನಿಜವಾದ ಸಂದಿಗ್ಧ, ಏಕೆಂದರೆ ಆಲಿಸ್ ಫೇ ಹಾಡಲು ಬಾಯಿ ತೆರೆದ ಕ್ಷಣ ನಾನು ಈಗಲೂ ಎಲ್ಲವನ್ನೂ ಮರೆಯುತ್ತೇನೆ.

ಹಳೆಯ ಚಿತ್ರಗಳ ಅಭಿಮಾನಿ, ಧಾರವಾಡ

ಕೊರತೆಯ ಮಾತನ್ನು ಒಪ್ಪುತ್ತೇನೆ. ಆದರೆ ಚಿತ್ರ ಯಾವುದಾಗಲು ಹೊರಟಿತ್ತು ಎಂಬುದನ್ನು ಮೊದಲು ನೋಡೋಣ. ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ ಚಿತ್ರ ನಿರ್ಮಾಣದ ಮುಖ್ಯಸ್ಥ ಡ್ಯಾರಿಲ್ ಝಾನಕ್‌ಗೆ ಮೊದಲು ಬೇಕಾಗಿದ್ದುದು ಗೀತರಚನೆಕಾರ ಅರ್ವಿಂಗ್ ಬರ್ಲಿನ್ ಅವರ ಜೀವನಚರಿತ್ರೆ. ತಮ್ಮ ಬದುಕು ತೆರೆಯ ಮೇಲೆ ಬರುವುದು ಬರ್ಲಿನ್ ಅವರಿಗೆ ಇಷ್ಟವಿರಲಿಲ್ಲ. ಹಾಗಾಗಿ ಕಥೆ ಕಾಲ್ಪನಿಕವಾಯಿತು, ಹಾಡುಗಳು ಮಾತ್ರ ಎಲ್ಲವೂ ಅವರವೇ ಆದವು. ಎರಡು ಡಜನಿಗೂ ಹೆಚ್ಚು ಹಾಡುಗಳು ಇಲ್ಲಿವೆ. ಅವುಗಳಲ್ಲಿ ಬಹುಪಾಲು ಅದಾಗಲೇ ಜನರ ಬಾಯಲ್ಲಿದ್ದವು, ‘ನೌ ಇಟ್ ಕ್ಯಾನ್ ಬಿ ಟೋಲ್ಡ್’ ಮತ್ತು ‘ಮೈ ವಾಕಿಂಗ್ ಸ್ಟಿಕ್’ ಮಾತ್ರ ಈ ಚಿತ್ರಕ್ಕೆಂದೇ ಹೊಸದಾಗಿ ಹುಟ್ಟಿದವು. ಅಂದರೆ ಇದು ಒಬ್ಬ ರಚನೆಕಾರನ ಹಾಡುಗಳ ಪಂಚಾಂಗ. ರ‍್ಯಾಗ್‌ಟೈಮಿನ ಇತಿಹಾಸ ಅಲ್ಲ.

ಈ ಪಂಚಾಂಗವನ್ನು ತಿರುವಿಹಾಕುವ ರೀತಿಯಲ್ಲೇ ಹೆನ್ರಿ ಕಿಂಗ್‌ರ ಕುಶಲತೆಯಿದೆ. ವರ್ಷ ಉರುಳಿತೆಂದು ತಿಳಿಸಲು ಅವರು ದಿನಾಂಕಗಳನ್ನು ಹೆಚ್ಚು ನೆಚ್ಚುವುದಿಲ್ಲ. ಹಾಡು ಬದಲಾಗುತ್ತದೆ, ವಾದ್ಯಗಳ ಜೋಡಣೆ ಬದಲಾಗುತ್ತದೆ, ಸ್ತ್ರೀಯರ ಉಡುಪು ಬದಲಾಗುತ್ತದೆ, ಅಷ್ಟರಿಂದಲೇ ಕಾಲ ಸರಿದದ್ದು ಗೊತ್ತಾಗುತ್ತದೆ. ಮುಖಗಳಿಗೆ ಮಾತ್ರ ವಯಸ್ಸಾಗುವುದಿಲ್ಲ. ಇಪ್ಪತ್ತೈದು ವರ್ಷಗಳ ಬಳಿಕವೂ ನಾಯಕ, ನಾಯಕಿ, ಗೆಳೆಯ ಮೂವರೂ ಮೊದಲ ದಿನದಂತೆಯೇ ಇದ್ದಾರೆ. ಹಲವರು ಇದನ್ನು ದೋಷವೆಂದು ಎಣಿಸಿದ್ದಾರೆ, ನಾನೂ ಅವರೊಡನೆ ಇದ್ದೇನೆ. ಯುದ್ಧಕ್ಕೆ ಹೋಗಿ ಬಂದವನ ಹಣೆಯಲ್ಲಿ ಒಂದು ಗೆರೆಯಾದರೂ ಇರಬೇಕಿತ್ತು.

ಆ ವರ್ಷದ ಆಸ್ಕರ್ ಸ್ಪರ್ಧೆಯಲ್ಲಿ ಅತ್ಯುತ್ತಮ ಚಿತ್ರವೂ ಸೇರಿದಂತೆ ಆರು ವಿಭಾಗಗಳಲ್ಲಿ ಇದು ನಾಮನಿರ್ದೇಶನಗೊಂಡಿತ್ತು, ಗೆದ್ದದ್ದು ಸಂಗೀತ ಸಂಯೋಜನೆಗಾಗಿ ಆಲ್ಫ್ರೆಡ್ ನ್ಯೂಮನ್ ಒಬ್ಬರೇ. ಸಂಕಲನಕ್ಕಾಗಿ ಬಾರ್ಬರಾ ಮೆಕ್‌ಲೀನ್ ಕೂಡ ಸ್ಪರ್ಧೆಯಲ್ಲಿದ್ದರು. ಹಾಡಿನಿಂದ ಹಾಡಿಗೆ ಚಿತ್ರ ಎಲ್ಲೂ ಕುಂಟದೆ ಜಾರುವುದನ್ನು ಗಮನಿಸಿದವರಿಗೆ ಆ ಹೆಸರು ಮುಖ್ಯವೆನಿಸುತ್ತದೆ.

ಮೃದಂಗ ಕಲಿಯುತ್ತಿರುವವನು, ಬೆಂಗಳೂರು

ನನ್ನದು ಪ್ರಾಥಮಿಕ ಪ್ರಶ್ನೆ. ಚಿತ್ರವನ್ನು ನಾನೂ ನೋಡಿದೆ, ಹಾಡುಗಳು ಹಿತವಾಗಿದ್ದವು. ಆದರೆ ರ‍್ಯಾಗ್‌ಟೈಮ್ ಎಂದರೆ ಲಯದ ದೃಷ್ಟಿಯಿಂದ ಏನು ಎಂಬುದು ಚಿತ್ರದಿಂದ ತಿಳಿಯಲೇ ಇಲ್ಲ. ಶೀರ್ಷಿಕೆ ಗೀತೆಗೆ ನಾನು ತೊಡೆಯ ಮೇಲೆ ತಾಳ ಹಾಕಿದರೆ ಅದು ಕವಾಯತಿನ ನಡಿಗೆಯಂತೆ ನೇರವಾಗಿ ಹೋಗುತ್ತದೆ, ಕೈ ತಪ್ಪಿಸುವಂಥದ್ದು ಬಹುಮಟ್ಟಿಗೆ ಏನೂ ಇಲ್ಲ. ತಿಳಿದವರು ವಿವರಿಸಬೇಕು.

ಪಿಯಾನೋ ವಿದ್ಯಾರ್ಥಿನಿ, ಮೈಸೂರು

ನಿಮ್ಮ ಕೈ ಸರಿಯಾಗಿಯೇ ಹೇಳಿದೆ. ‘ಅಲೆಕ್ಸಾಂಡರ್ಸ್ ರ‍್ಯಾಗ್‌ಟೈಮ್ ಬ್ಯಾಂಡ್’ ಬಹುಮಟ್ಟಿಗೆ ಒಂದು ಮಾರ್ಚ್, ಅಂದರೆ ಪಥಸಂಚಲನದ ಗತಿಯ ಹಾಡು.

ರ‍್ಯಾಗ್‌ಟೈಮ್ ಮೂಲತಃ ಪಿಯಾನೋದ ಕಲೆ. ಎರಡೂ ಕೈಗಳಿಗೆ ಎರಡು ಬೇರೆ ಕೆಲಸಗಳಿವೆ. ಎಡಗೈ ಕೆಳಗಿನ ಒಂದು ಮಂದ್ರ ಸ್ವರವನ್ನೂ ಅದರ ಮೇಲಿನ ಸ್ವರಗುಚ್ಛವನ್ನೂ ಒಂದಾದ ಮೇಲೊಂದರಂತೆ, ಗಡಿಯಾರದಷ್ಟು ನಿಷ್ಠೆಯಿಂದ ನುಡಿಸುತ್ತಾ ಹೋಗುತ್ತದೆ. ಬಲಗೈಯ ಮಧುರ ಭಾಗವು ಆ ಎಣಿಕೆಯ ಮೇಲೆ ಬೀಳದೆ, ಎರಡು ಎಣಿಕೆಗಳ ನಡುವಿನ ಸಣ್ಣ ಭಾಗಕ್ಕೆ ಒತ್ತು ಕೊಟ್ಟು, ಮುಂದಿನ ಎಣಿಕೆಯ ಮೇಲೆ ಮೌನವಾಗಿ ಚಾಚಿಕೊಳ್ಳುತ್ತದೆ. ಕೇಳುವವರಿಗೆ ಲಯ ಹರಿದು ಹೋದಂತೆ ಭಾಸವಾಗುತ್ತದೆ, ಎಡಗೈ ಇರುವುದರಿಂದ ಹರಿಯುವುದಿಲ್ಲ. ನೀವು ಕರ್ನಾಟಕ ಸಂಗೀತದವರಾದ್ದರಿಂದ ಅನಾಗತ ಗ್ರಹ, ಅತೀತ ಗ್ರಹಗಳು ನೆನಪಾಗಬಹುದು. ಆದರೆ ಅಲ್ಲಿ ಸಾಹಿತ್ಯದ ಎತ್ತುಗಡೆ ಸಮದಿಂದ ಸರಿದಿರುತ್ತದೆ, ಇಲ್ಲಿ ಸಾಲಿನ ಒಳಗಿನ ಒತ್ತುಗಳೇ ಉದ್ದಕ್ಕೂ ಸರಿಯುತ್ತಿರುತ್ತವೆ. ಹೋಲಿಕೆಯನ್ನು ಅಷ್ಟಕ್ಕೇ ನಿಲ್ಲಿಸುವುದು ಒಳ್ಳೆಯದು.

ಬರ್ಲಿನ್ ಅವರ ಹಾಡಿನಲ್ಲಿ ಒತ್ತಿನ ಈ ಸರಿದಾಟ ಬಹಳ ಕಡಿಮೆ. ಅವರು ರ‍್ಯಾಗ್‌ನಿಂದ ಎರವಲು ಪಡೆದದ್ದು ಬೇರೊಂದು ಗುಣವೆಂದು ನನಗೆ ತೋರುತ್ತದೆ. ಹಾಡಿನ ಮೊದಲ ಭಾಗ ಸಿ ಮೇಜರ್‌ನಲ್ಲಿದೆ, ಪಲ್ಲವಿಗೆ ಬಂದಾಗ ಆಧಾರ ಎಫ್ ಮೇಜರ್‌ಗೆ, ಅಂದರೆ ಷಡ್ಜದಿಂದ ಮಧ್ಯಮಕ್ಕೆ, ಏರುತ್ತದೆ. ಅಂದಿನ ಜನಪ್ರಿಯ ಹಾಡುಗಳಲ್ಲಿ ಇದು ಅಪರೂಪ. ಜಾಪ್ಲಿನ್‌ನ ‘ಮೇಪಲ್ ಲೀಫ್ ರ‍್ಯಾಗ್’ನ ಮೂರನೆಯ ಭಾಗದಲ್ಲೂ ಆಧಾರ ಹೀಗೆಯೇ ಮಧ್ಯಮಕ್ಕೆ ಸರಿಯುತ್ತದೆ. ಪಲ್ಲವಿ ಆರಂಭವಾದಾಗ ಬಾಗಿಲು ತೆರೆದಂಥ ಒಂದು ಬೆಳಕು ಬರುತ್ತದಲ್ಲ, ಅದಕ್ಕೆ ಕಾರಣ ಈ ಏರಿಕೆ. ಜೊತೆಗೆ, ಹಾಡು ತನ್ನೊಳಗೆ ಸೈನ್ಯದ ಕಹಳೆಯನ್ನೂ ಸ್ಟೀಫನ್ ಫಾಸ್ಟರ್‌ನ ‘ಸ್ವಾನಿ ರಿವರ್’ ಹಾಡಿನ ತುಣುಕನ್ನೂ ಸೇರಿಸಿಕೊಂಡಿದೆ.

ಒಂದು ಕುತೂಹಲದ ಸಂಗತಿಯನ್ನೂ ಹೇಳಬೇಕು. ಬರ್ಲಿನ್ ಪಿಯಾನೋದ ಕಪ್ಪು ಮಣೆಗಳ ಮೇಲೆ, ಎಫ್ ಶಾರ್ಪ್‌ನಲ್ಲಿ ಮಾತ್ರ ನುಡಿಸಬಲ್ಲವರಾಗಿದ್ದರು. ಬೇರೆ ಶ್ರುತಿ ಬೇಕಾದಾಗ ಸನ್ನೆಕೋಲೊಂದನ್ನು ಸರಿಸಿದರೆ ಇಡೀ ವಾದ್ಯದ ಶ್ರುತಿಯೇ ಬದಲಾಗುವ ವಿಶೇಷ ಪಿಯಾನೋ ಅವರ ಬಳಿ ಇತ್ತು. ಸ್ವರಲಿಪಿ ಬರೆಯಲು ಬಾರದ ಆ ಮನುಷ್ಯ ಶ್ರುತಿಯ ಬದಲಾವಣೆಯನ್ನೇ ತನ್ನ ಮೊದಲ ದೊಡ್ಡ ಹಾಡಿನ ಜೀವಾಳವಾಗಿಸಿದ್ದು ನನಗೆ ಪ್ರತಿಸಲವೂ ವಿಸ್ಮಯ ತರುತ್ತದೆ.

ಚರ್ಚೆ ಆರಂಭಿಸಿದವರು, ಶಿವಮೊಗ್ಗ

ಧಾರವಾಡದವರು ಹೇಳಿದ ‘ಪಂಚಾಂಗ’ ಎಂಬ ಮಾತು ಚಿತ್ರದ ರಚನೆಗೆ ಸಲ್ಲುತ್ತದೆ. ಆದರೆ ಚಿತ್ರ ತಾನಾಗಿಯೇ ಒಂದು ನೈಜ ಸ್ಥಳವನ್ನು ಆರಿಸಿಕೊಂಡಿದೆ. ಆ ಸ್ಥಳಕ್ಕೆ ತನ್ನದೇ ಚರಿತ್ರೆಯಿದೆ. ಬಾರ್ಬರಿ ಕೋಸ್ಟ್ ಎಂದರೆ ಸ್ಯಾನ್ ಫ್ರಾನ್ಸಿಸ್ಕೋದ ಪೆಸಿಫಿಕ್ ಬೀದಿಯ ಸುತ್ತಲಿನ ನೃತ್ಯಶಾಲೆಗಳ ಕೇರಿ. ಅಲ್ಲಿ ಪರ್ಸೆಲ್ ಎಂಬ ಆಫ್ರಿಕನ್-ಅಮೆರಿಕನ್ ಮಾಲೀಕ ನಡೆಸುತ್ತಿದ್ದ ‘ಸೋ ಡಿಫರೆಂಟ್’ ಎಂಬ ಶಾಲೆ ಹೆಸರುವಾಸಿಯಾಗಿತ್ತು, ಸಿಡ್ ಲೆಪ್ರೊಟಿ ಎಂಬ ಪಿಯಾನೋ ವಾದಕನ ತಂಡ ಅಲ್ಲಿ ನುಡಿಸುತ್ತಿತ್ತು. ಊರಿನ ಸಿರಿವಂತರು ಗಾಡಿ ಕಟ್ಟಿಸಿಕೊಂಡು ಹೊಸ ಕುಣಿತ ನೋಡಲು ಆ ಕೇರಿಗೆ ಇಳಿದು ಬರುತ್ತಿದ್ದರು. ಹೀಗಾಗಿ ನಾಬ್ ಹಿಲ್‌ನ ಹುಡುಗ ಬಾರ್ಬರಿ ಕೋಸ್ಟಿಗೆ ಬರುವುದು ನಂಬಲರ್ಹವಾದ ಕಥೆಯೇ. ಅವನು ಬಂದಾಗ ವೇದಿಕೆಯ ಮೇಲೆ ಯಾರಿರಬೇಕಿತ್ತೋ ಅವರನ್ನು ಎಬ್ಬಿಸಿ, ಆ ಖಾಲಿ ಜಾಗದಲ್ಲಿ ಅವನನ್ನು ನಿಲ್ಲಿಸಲಾಗಿದೆ.

ಹಾಡಿನ ಹೆಸರನ್ನೂ ಯೋಚಿಸಿ. ಆಗಿನ ಅಮೆರಿಕದ ರಂಗಭೂಮಿಯಲ್ಲಿ, ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ನಟಿಸುತ್ತಿದ್ದ ಹಾಸ್ಯಪ್ರಸಂಗಗಳಲ್ಲಿ, ‘ಅಲೆಕ್ಸಾಂಡರ್’ ಎಂಬುದು ಕಪ್ಪುವರ್ಣೀಯ ಪಾತ್ರಕ್ಕೆ ಇಡುತ್ತಿದ್ದ ರೂಢಿಯ ಹೆಸರಾಗಿತ್ತು. 1911ರ ಶ್ರೋತೃವಿಗೆ ಆ ಹೆಸರು ಕೇಳಿದೊಡನೆ ತಂಡದ ನಾಯಕ ಯಾರೆಂಬುದು ಗೊತ್ತಾಗುತ್ತಿತ್ತು. ಇಪ್ಪತ್ತೇಳು ವರ್ಷಗಳ ನಂತರ ಅದೇ ಅಲೆಕ್ಸಾಂಡರ್ ಟೈರೋನ್ ಪವರ್ ಆಗಿ ತೆರೆಗೆ ಬಂದ. ಹಾಡಿನಲ್ಲಿ ಅಣಕದ ರೂಪದಲ್ಲಾದರೂ ಉಳಿದಿದ್ದ ಗುರುತನ್ನು ಚಿತ್ರ ಪೂರ್ತಿಯಾಗಿ ಅಳಿಸಿತು.

ಸೇಂಟ್ ಲೂಯಿಸ್‌ನಲ್ಲಿ ನೆಲೆಸಿರುವ ಕನ್ನಡಿಗ

ನಾನಿರುವ ಊರಿನಲ್ಲಿ ಡೆಲ್ಮಾರ್ ರಸ್ತೆಯ ಮೇಲೆ ಸ್ಕಾಟ್ ಜಾಪ್ಲಿನ್ ಬಾಡಿಗೆಗಿದ್ದ ಮನೆ ಉಳಿದಿದೆ, ಮಿಸೌರಿ ರಾಜ್ಯ ಅದನ್ನು ಸ್ಮಾರಕವಾಗಿ ಕಾಪಾಡಿದೆ. ಕೆಂಪು ಇಟ್ಟಿಗೆಯ ಸಾಧಾರಣ ಕಟ್ಟಡ. ಒಳಗೆ ತಾನಾಗಿಯೇ ನುಡಿಯುವ ಪಿಯಾನೋ ಒಂದಿದೆ. ರಂಧ್ರ ಕೊರೆದ ಕಾಗದದ ಸುರುಳಿಯನ್ನು ಹಾಕಿದರೆ ಮಣೆಗಳು ತಾವೇ ಇಳಿದೇಳುತ್ತವೆ. ಮೊದಲ ಸಲ ಅಲ್ಲಿ ನಿಂತು ಕೇಳಿದಾಗ, ಕಾಣದ ಬೆರಳುಗಳು ಒತ್ತುತ್ತಿರುವ ಆ ಮಣೆಗಳನ್ನು ನೋಡುತ್ತಾ ನನಗೆ ಗಂಟಲು ಕಟ್ಟಿತು. ಬಂದವರಲ್ಲಿ ಬಹಳ ಮಂದಿ ‘ದಿ ಎಂಟರ್‌ಟೇನರ್’ ಕೇಳಲು ಬಯಸುತ್ತಾರೆ. 1902ರ ಆ ಕೃತಿ ಅವರು ಈ ಊರಿನಲ್ಲಿದ್ದ ಕಾಲದ್ದು, ಆದರೆ ಲೋಕಕ್ಕೆಲ್ಲ ಅದು ಮತ್ತೆ ಪರಿಚಯವಾದದ್ದು 1973ರ ‘ದಿ ಸ್ಟಿಂಗ್’ ಚಿತ್ರದ ಮೂಲಕ.

ಈ ಚರ್ಚೆಯಲ್ಲಿ 1911 ಎಂಬ ವರ್ಷ ಮತ್ತೆ ಮತ್ತೆ ಬರುತ್ತಿರುವುದರಿಂದ ಇದನ್ನು ಬರೆಯಬೇಕೆನಿಸಿತು. ಆ ಒಂದೇ ವರ್ಷದಲ್ಲಿ, ನ್ಯೂಯಾರ್ಕ್ ಎಂಬ ಒಂದೇ ನಗರದಲ್ಲಿ, ಎರಡು ಪ್ರಕಟಣೆಗಳಾದವು. ಒಂದು ಬರ್ಲಿನ್ ಅವರ ಈ ಹಾಡು. ಅದರ ಮುದ್ರಿತ ಸ್ವರಲಿಪಿಯ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿ, ಇಪ್ಪತ್ತಮೂರು ವರ್ಷದ ವಲಸಿಗ ಯುವಕ ಖಂಡಾಂತರ ಖ್ಯಾತಿ ಪಡೆದ. ಇನ್ನೊಂದು ಜಾಪ್ಲಿನ್ ತಮ್ಮ ಸ್ವಂತ ಹಣದಿಂದ ಅಚ್ಚು ಹಾಕಿಸಿದ ‘ಟ್ರೀಮೊನಿಷಾ’ ಎಂಬ ಆಪೆರಾ. ಗುಲಾಮಗಿರಿ ಕೊನೆಗೊಂಡ ನಂತರದ ಆರ್ಕನ್ಸಾದಲ್ಲಿ ಓದುಬರಹ ಕಲಿತ ಹುಡುಗಿಯೊಬ್ಬಳು ತನ್ನ ಜನರನ್ನು ಮೌಢ್ಯದಿಂದ ಬಿಡಿಸುವ ಕಥೆ ಅದು. ಅದನ್ನು ರಂಗಕ್ಕೆ ತರಲು ಜಾಪ್ಲಿನ್ ಪಟ್ಟ ಪಾಡು ಫಲಿಸಲಿಲ್ಲ, 1917ರ ಏಪ್ರಿಲ್ 1ರಂದು ಅವರು ತೀರಿಕೊಂಡರು. ಆಪೆರಾ ಪೂರ್ಣ ರೂಪದಲ್ಲಿ ರಂಗವನ್ನು ಕಂಡದ್ದು 1972ರಲ್ಲಿ, ಅಟ್ಲಾಂಟಾದಲ್ಲಿ.

ತನ್ನ ಆಪೆರಾದ ಒಂದು ಭಾಗದಿಂದ ಬರ್ಲಿನ್ ಹಾಡಿನ ಸ್ವರಗಳನ್ನು ಎತ್ತಿಕೊಂಡಿದ್ದಾರೆಂದು ಜಾಪ್ಲಿನ್ ನೊಂದುಕೊಂಡಿದ್ದರೆಂಬ ಮಾತು ಅಂದಿನಿಂದಲೂ ಪ್ರಚಾರದಲ್ಲಿದೆ. ಅದು ಸಾಬೀತಾಗಿಲ್ಲ, ಬರ್ಲಿನ್ ಅವರ ಮೇಲೆ ಆ ಆರೋಪವನ್ನು ನಾನು ಹೊರಿಸುವುದೂ ಇಲ್ಲ. ಕೃತಿಚೌರ್ಯದ ಪ್ರಶ್ನೆಯನ್ನು ಬದಿಗಿಟ್ಟರೂ, ಯಾರ ಹಾಳೆ ಮನೆಮನೆ ತಲುಪಿತು, ಯಾರದು ಕಪಾಟಿನಲ್ಲಿ ಉಳಿಯಿತು ಎಂಬ ಅಂತರ ಹಾಗೆಯೇ ಉಳಿಯುತ್ತದೆ.

ವಕೀಲೆ, ಹುಬ್ಬಳ್ಳಿ

ಕೃತಿಚೌರ್ಯದ ಮಾತು ಬಂದದ್ದರಿಂದ ಒಂದು ಚಿಕ್ಕ ಮಾಹಿತಿ. ಹಾಡಿನ ವಿಷಯದಲ್ಲಿ ನ್ಯಾಯಾಲಯದ ತೀರ್ಪಿಲ್ಲದಿದ್ದರೂ ಚಿತ್ರದ ಕಥೆಯ ಬಗ್ಗೆ ಮೊಕದ್ದಮೆ ನಡೆದಿದೆ. ತನ್ನ ಅಪ್ರಕಟಿತ ಕಾದಂಬರಿಯಿಂದ ಕಥೆಯನ್ನು ಕದ್ದಿದ್ದಾರೆಂದು ಒಬ್ಬ ಲೇಖಕಿ ಚಿತ್ರಸಂಸ್ಥೆಯ ವಿರುದ್ಧ ದಾವೆ ಹೂಡಿದ್ದರು. ಕೆಳಗಿನ ನ್ಯಾಯಾಲಯದಲ್ಲಿ ಅವರು ಗೆದ್ದರು. 1946ರಲ್ಲಿ ಅಮೆರಿಕದ ಎಂಟನೆಯ ವಲಯದ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಎರಡು ಕಥೆಗಳ ನಡುವೆ ಹೋಲಿಕೆ ಎಷ್ಟಿದ್ದರೂ, ಹಸ್ತಪ್ರತಿ ಚಿತ್ರದವರ ಕೈಗೆ ತಲುಪಿತ್ತೆಂಬುದಕ್ಕೆ ಪುರಾವೆ ಇಲ್ಲದಿದ್ದರೆ ನಕಲೆಂದು ತೀರ್ಮಾನಿಸಲಾಗದು ಎಂಬುದು ಅದರ ಸಾರ. ಕೃತಿಸ್ವಾಮ್ಯ ಕಾನೂನು ಓದುವವರು ಇಂದಿಗೂ ಈ ಪ್ರಕರಣವನ್ನು ಓದುತ್ತಾರೆ.

ಹಳೆಯ ಚಿತ್ರಗಳ ಅಭಿಮಾನಿ, ಧಾರವಾಡ

ಸೇಂಟ್ ಲೂಯಿಸ್‌ನವರ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ಮೊದಲ ಉತ್ತರದಲ್ಲಿ ಚಿತ್ರದ ಪರವಾಗಿ ಹೇಳಿದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಅದಕ್ಕೆ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಬರ್ಲಿನ್ ಅವರನ್ನು ನಾವು ಸುಖದಲ್ಲಿ ಹುಟ್ಟಿದ ಯಜಮಾನರಂತೆ ಕಾಣಬಾರದು. 1888ರಲ್ಲಿ ರಷ್ಯಾದ ಸಾಮ್ರಾಜ್ಯದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿ, ಐದು ವರ್ಷದ ಮಗುವಾಗಿ ನ್ಯೂಯಾರ್ಕಿನ ಬಡವರ ಕೇರಿಗೆ ಬಂದವರು ಅವರು. ಹದಿಹರೆಯದಲ್ಲೇ ಮನೆ ಬಿಟ್ಟು, ಚೈನಾಟೌನಿನ ಹೋಟೆಲಿನಲ್ಲಿ ತಟ್ಟೆ ಹಿಡಿದು ಹಾಡುತ್ತಾ ಬದುಕಿದರು. ರ‍್ಯಾಗ್‌ಟೈಮ್ ಅವರಿಗೆ ಬೀದಿಯಲ್ಲಿ, ಹೆಂಡದಂಗಡಿಯ ಪಿಯಾನೋದಲ್ಲಿ ಸಿಕ್ಕಿದ ನುಡಿಯಾಗಿತ್ತು. ವಿಚಿತ್ರವೆಂದರೆ ಚಿತ್ರ ಇದನ್ನೂ ಮರೆಮಾಚಿದೆ. ನಾಬ್ ಹಿಲ್‌ನ ರೋಜರ್ ಗ್ರಾಂಟ್‌ನಲ್ಲಿ ವಲಸಿಗನ ಹಸಿವೂ ಇಲ್ಲ, ಯಹೂದಿ ಮನೆಯ ಪ್ರಾರ್ಥನೆಯ ಧಾಟಿಯೂ ಇಲ್ಲ. ಅಂದರೆ ಈ ಕಥೆ ಜಾಪ್ಲಿನ್ ಅವರನ್ನು ಹೊರಗಿಟ್ಟಂತೆ ಬರ್ಲಿನ್ ಅವರನ್ನೂ ಹೊರಗಿಟ್ಟಿದೆ. ಮೂಲ ಕಥೆಯ ಆಸ್ಕರ್ ನಾಮನಿರ್ದೇಶನ ಬರ್ಲಿನ್ ಅವರ ಹೆಸರಿನಲ್ಲೇ ಇತ್ತೆಂಬುದನ್ನು ನೆನೆದರೆ, ತಮ್ಮ ಮೇಲಿನ ಪರದೆಯನ್ನು ಅವರೇ ಎಳೆದುಕೊಂಡರೆಂದು ಹೇಳಬೇಕಾಗುತ್ತದೆ.

ಅವರ ಬದುಕು ನೇರವಾಗಿ ಇಣುಕುವ ಒಂದೇ ಜಾಗ ಯುದ್ಧದ ಭಾಗ. 1918ರಲ್ಲಿ ಬರ್ಲಿನ್ ಲಾಂಗ್ ಐಲ್ಯಾಂಡಿನ ಕ್ಯಾಂಪ್ ಅಪ್ಟನ್‌ನಲ್ಲಿ ಸಿಪಾಯಿಯಾಗಿದ್ದಾಗ ಸೈನಿಕರಿಂದಲೇ ‘ಯಿಪ್ ಯಿಪ್ ಯಾಪ್‌ಹ್ಯಾಂಕ್’ ಎಂಬ ರಂಗಪ್ರದರ್ಶನ ಮಾಡಿಸಿದ್ದರು. ಬೆಳಗ್ಗೆ ಏಳಲು ಬೇಸರವೆಂದು ಹಾಡುವ ಸಿಪಾಯಿಯ ಗೀತೆಯನ್ನು ಅಲ್ಲಿ ಸ್ವತಃ ಅವರೇ ಹಾಡುತ್ತಿದ್ದರು, ಚಿತ್ರದಲ್ಲಿ ಅದನ್ನು ಜ್ಯಾಕ್ ಹೇಲಿ ಹಾಡುತ್ತಾರೆ. ಕೊನೆಯ ಪ್ರದರ್ಶನದ ರಾತ್ರಿ ನಟರು ವೇದಿಕೆಯಿಂದಿಳಿದು, ಪ್ರೇಕ್ಷಕರ ನಡುವೆ ಸಾಲಾಗಿ ನಡೆದು, ಫ್ರಾನ್ಸಿಗೆ ಹೋಗುವ ಹಡಗಿನತ್ತ ಹೊರಟರು. ನಾಟಕವೆಂದುಕೊಂಡಿದ್ದವರಿಗೆ ಅದು ನಿಜವೆಂದು ಅರಿವಾದ ಆ ಕ್ಷಣವನ್ನು ಹೆನ್ರಿ ಕಿಂಗ್ ಚಿತ್ರದಲ್ಲಿ ಮರುಸೃಷ್ಟಿಸಿದ್ದಾರೆ. ಇಡೀ ಚಿತ್ರದಲ್ಲಿ ನನ್ನ ಕಣ್ಣು ಒದ್ದೆಯಾಗುವುದು ಆ ಒಂದು ದೃಶ್ಯದಲ್ಲಿ ಮಾತ್ರ, ಪ್ರೇಮಕಥೆಯಲ್ಲಿ ಅಲ್ಲ.

ಪಿಯಾನೋ ವಿದ್ಯಾರ್ಥಿನಿ, ಮೈಸೂರು

ಯುದ್ಧದ ದೃಶ್ಯದ ಬಗ್ಗೆ ನಿಮ್ಮ ಭಾವನೆಯನ್ನು ಹಂಚಿಕೊಳ್ಳುತ್ತೇನೆ. ಆದರೆ ಅದೇ 1918ರಲ್ಲಿ ಫ್ರಾನ್ಸಿನ ನೆಲದ ಮೇಲೆ ರ‍್ಯಾಗ್‌ಟೈಮ್ ನುಡಿಸುತ್ತಿದ್ದವರು ಯಾರೆಂಬುದೂ ದಾಖಲೆಯಲ್ಲಿದೆ. ಹಾರ್ಲೆಮ್ ಹೆಲ್‌ಫೈಟರ್ಸ್ ಎಂದು ಹೆಸರಾದ 369ನೆಯ ಪದಾತಿ ದಳದ ವಾದ್ಯವೃಂದ ಜೇಮ್ಸ್ ರೀಸ್ ಯುರೋಪ್ ಅವರ ನೇತೃತ್ವದಲ್ಲಿ ಅಲ್ಲಿನ ಊರೂರುಗಳಲ್ಲಿ ನುಡಿಸಿತು. ಫ್ರೆಂಚರು ಈ ಲಯವನ್ನು ಹತ್ತಿರದಿಂದ ಕೇಳಿದ್ದು ಆ ಕಪ್ಪುವರ್ಣೀಯ ಸೈನಿಕರ ಕಹಳೆ, ನಗಾರಿಗಳಿಂದ. 1919ರ ಫೆಬ್ರುವರಿಯಲ್ಲಿ ಆ ದಳ ಮರಳಿ ಬಂದು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಮೆರವಣಿಗೆ ನಡೆಸಿತು. ಮೂರು ತಿಂಗಳಾಗುವ ಮುನ್ನವೇ ಜೇಮ್ಸ್ ಯುರೋಪ್ ಬಾಸ್ಟನ್‌ನಲ್ಲಿ ತಮ್ಮದೇ ತಂಡದ ನಗಾರಿ ವಾದಕನ ಚೂರಿಯಿಂದ ಪ್ರಾಣ ಕಳೆದುಕೊಂಡರು.

ಅವರ ಹೆಸರು ಇನ್ನೊಂದು ಕಾರಣಕ್ಕೂ ಇಲ್ಲಿ ಬರಲೇಬೇಕು. ಚಿತ್ರದ ಒಟ್ಟು ಕಥಾಹಂದರವೇ ಹೆಂಡದಂಗಡಿಯಿಂದ ಕಾರ್ನೆಗಿ ಹಾಲ್‌ವರೆಗಿನ ದೂರ. ಆ ದೂರವನ್ನು ಕ್ರಮಿಸಲು ಅಲೆಕ್ಸಾಂಡರ್‌ಗೆ ಕಾಲು ಶತಮಾನ ಬೇಕಾಗುತ್ತದೆ. ನಿಜ ಜೀವನದಲ್ಲಿ ಜೇಮ್ಸ್ ರೀಸ್ ಯುರೋಪ್ ಅವರ ಕ್ಲೆಫ್ ಕ್ಲಬ್ ವಾದ್ಯವೃಂದ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ್ದು 1912ರ ಮೇ 2ರಂದು. ಬರ್ಲಿನ್ ಅವರ ಹಾಡು ಪ್ರಕಟವಾಗಿ ಆಗಿನ್ನೂ ಒಂದು ವರ್ಷ ಕಳೆದಿತ್ತಷ್ಟೆ. ಮ್ಯಾಂಡೊಲಿನ್, ಬ್ಯಾಂಜೊ, ಪಿಯಾನೋಗಳ ಸಾಲುಸಾಲು, ನೂರಕ್ಕೂ ಹೆಚ್ಚು ಕಪ್ಪುವರ್ಣೀಯ ವಾದಕರು. ಹಾರ್ಲೆಮ್‌ನ ಕಪ್ಪುವರ್ಣೀಯ ಮಕ್ಕಳ ಸಂಗೀತಶಾಲೆಗೆ ಹಣ ಕೂಡಿಸಲು ನಡೆದ ಕಛೇರಿ ಅದು.

ಮೃದಂಗ ಕಲಿಯುತ್ತಿರುವವನು, ಬೆಂಗಳೂರು

1912ರ ಸಂಗತಿ ನನಗೆ ತಿಳಿದಿರಲಿಲ್ಲ. ಇದನ್ನು ಓದಿದ ಮೇಲೆ ಕೊನೆಯ ದೃಶ್ಯವನ್ನು ಮತ್ತೆ ಹಾಕಿ ನೋಡಿದೆ. ಸಭಾಂಗಣ, ದೊಡ್ಡ ವಾದ್ಯವೃಂದ, ಗೌರವದಿಂದ ಕುಳಿತ ಶ್ರೋತೃಗಳು, ಮೊದಲು ಮುನಿಸಿಕೊಂಡಿದ್ದ ಅತ್ತೆ ಮತ್ತು ಗುರು. ಹೊರಗೆ ಟ್ಯಾಕ್ಸಿಯಲ್ಲಿ ಕುಳಿತ ಸ್ಟೆಲ್ಲಾ ಒಳಗೆ ಬರಲಾಗದೆ ಅದೇ ಕಛೇರಿಯನ್ನು ರೇಡಿಯೋದಲ್ಲಿ ಕೇಳುತ್ತಾಳೆ. ಚಿತ್ರಕಥೆಯ ಪ್ರಕಾರ ಹೊರಗುಳಿದವಳು ಅವಳೊಬ್ಬಳೇ.

ಚರ್ಚೆ ಆರಂಭಿಸಿದವರು, ಶಿವಮೊಗ್ಗ

ಈ ಸಂದರ್ಭದಲ್ಲಿ ‘ಹೀಟ್ ವೇವ್’ ಹಾಡಿನ ಮಾತನ್ನೂ ಹೇಳಿಬಿಡುತ್ತೇನೆ. ಚಿತ್ರದ ಕೊನೆಯ ಭಾಗದಲ್ಲಿ ಎಥೆಲ್ ಮರ್ಮನ್ ಇದನ್ನು ಹಾಡುತ್ತಾರೆ. ಅವರ ಧ್ವನಿಗೆ ಧ್ವನಿವರ್ಧಕವೇ ಬೇಡವೆಂಬಂಥ ತುಂಬುತನವಿದೆ, ಮತ್ತು ‘ಬ್ಲೂ ಸ್ಕೈಸ್’ ಅನ್ನು ಅವರ ಬಾಯಲ್ಲಿ ಕೇಳುವುದು ಒಂದು ಸುಖ. ಆದರೆ ‘ಹೀಟ್ ವೇವ್’ ಅನ್ನು 1933ರಲ್ಲಿ ಬ್ರಾಡ್‌ವೇಯ ‘ಆ್ಯಸ್ ಥೌಸಂಡ್ಸ್ ಚಿಯರ್’ ಪ್ರದರ್ಶನದಲ್ಲಿ ಮೊದಲು ಹಾಡಿದವರು ಎಥೆಲ್ ವಾಟರ್ಸ್, ಬಿಳಿಯ ತಾರೆಯರಿಗೆ ಸರಿಸಮನಾಗಿ ಆ ವೇದಿಕೆಯೇರಿದ್ದ ಕಪ್ಪುವರ್ಣೀಯ ಗಾಯಕಿ. ಅದೇ ಪ್ರದರ್ಶನದಲ್ಲಿ ವಾಟರ್ಸ್ ಅವರಿಗಾಗಿಯೇ ಬರ್ಲಿನ್ ‘ಸಪ್ಪರ್ ಟೈಮ್’ ಬರೆದಿದ್ದರು. ಗುಂಪಿನ ಕೈಯಲ್ಲಿ ಹತನಾದ ಗಂಡ ಇನ್ನು ಊಟಕ್ಕೆ ಬರುವುದಿಲ್ಲವೆಂದು ಮಕ್ಕಳಿಗೆ ಹೇಗೆ ತಿಳಿಸಲಿ ಎಂದು ತಳಮಳಿಸುವ ಹೆಣ್ಣಿನ ಹಾಡು ಅದು. ಲಘು ಮನರಂಜನೆಯ ಪ್ರದರ್ಶನವೊಂದರ ನಡುವೆ ಅಂಥ ಹಾಡನ್ನು ಇಡುವ ಧೈರ್ಯ ಬರ್ಲಿನ್ ಅವರಿಗೆ ಇತ್ತು. ಐದು ವರ್ಷಗಳ ನಂತರ ಚಿತ್ರಕ್ಕೆ ಹಾಡುಗಳನ್ನು ಆರಿಸುವಾಗ ‘ಹೀಟ್ ವೇವ್’ ಒಳಗೆ ಬಂತು, ‘ಸಪ್ಪರ್ ಟೈಮ್’ ಬರಲಿಲ್ಲ, ವಾಟರ್ಸ್ ಅವರೂ ಬರಲಿಲ್ಲ. ಹಾಡಿನ ಪಂಚಾಂಗ ಎಂದು ನೋಡಿದರೂ ಹರಿದುಹೋದ ಪುಟ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

‘ಆ ಕಾಲವೇ ಹಾಗಿತ್ತು’ ಎಂಬ ಸಮಾಧಾನವನ್ನೂ ನಾನು ಒಪ್ಪಲಾರೆ. ಚಿತ್ರ ತೆರೆಕಂಡ ವರ್ಷವೇ, 1938ರ ಜನವರಿ 16ರಂದು, ಬಿಳಿಯ ಜಾಝ್ ತಂಡನಾಯಕ ಬೆನ್ನಿ ಗುಡ್‌ಮನ್ ಕಾರ್ನೆಗಿ ಹಾಲ್‌ನಲ್ಲಿ ಕಛೇರಿ ನಡೆಸಿದ್ದರು. ಅಂದು ಅದೇ ವೇದಿಕೆಯ ಮೇಲೆ ಕಪ್ಪುವರ್ಣೀಯ ವಾದಕರಾದ ಟೆಡ್ಡಿ ವಿಲ್ಸನ್, ಲಯೊನೆಲ್ ಹ್ಯಾಂಪ್ಟನ್, ಕೌಂಟ್ ಬೇಸಿ, ಲೆಸ್ಟರ್ ಯಂಗ್ ನುಡಿಸಿದರು. ಆಗಸ್ಟಿನಲ್ಲಿ ಚಿತ್ರಮಂದಿರಕ್ಕೆ ಬಂದ ಕಾಲ್ಪನಿಕ ಕಾರ್ನೆಗಿ ಹಾಲ್, ಏಳು ತಿಂಗಳ ಹಿಂದಿನ ನಿಜವಾದ ಕಾರ್ನೆಗಿ ಹಾಲ್‌ಗಿಂತ ಹಿಂದುಳಿದಿತ್ತು.

ಹಳೆಯ ಚಿತ್ರಗಳ ಅಭಿಮಾನಿ, ಧಾರವಾಡ

ಈ ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ‘ಕಾಲವೇ ಹಾಗಿತ್ತು’ ಎಂದು ನಾನೂ ಹೇಳುವುದಿಲ್ಲ. ಚಿತ್ರದಲ್ಲಿ ನನಗೆ ಪ್ರಿಯವಾದದ್ದು ಪ್ರಿಯವಾಗಿಯೇ ಉಳಿಯುತ್ತದೆ. ಆಲಿಸ್ ಫೇ ಹಾಡುವಾಗ ಸ್ವರವನ್ನು ಎತ್ತರಕ್ಕೆ ಒಯ್ಯದೆ, ಪಕ್ಕದಲ್ಲಿ ಕುಳಿತವರಿಗೆ ಹೇಳುವಂತೆ, ಮಂದ್ರದಲ್ಲೇ ನಿಲ್ಲಿಸಿಕೊಳ್ಳುವ ಬಗೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಒಂದು ಮಾತು ಮಾತ್ರ ಹಾಡಿನ ಪರವಾಗಿ. ಕಪ್ಪುವರ್ಣೀಯ ಗಾಯಕರಾದ ಬೆಸ್ಸಿ ಸ್ಮಿತ್ 1927ರಲ್ಲಿ, ಲೂಯಿ ಆರ್ಮ್‌ಸ್ಟ್ರಾಂಗ್ 1937ರಲ್ಲಿ, ರೇ ಚಾರ್ಲ್ಸ್ 1959ರಲ್ಲಿ ಈ ಹಾಡನ್ನು ಧ್ವನಿಮುದ್ರಿಸಿದ್ದಾರೆ. ಬೆಸ್ಸಿ ಸ್ಮಿತ್ ಹಾಡಿದ್ದನ್ನು ಕೇಳಿ. ಬರ್ಲಿನ್ ಬರೆಯದ ಒತ್ತುಗಳನ್ನೆಲ್ಲ ಅವರು ತಮ್ಮ ಉಸಿರಿನಿಂದಲೇ ಹಾಡಿನೊಳಗೆ ತರುತ್ತಾರೆ. ಅಲೆಕ್ಸಾಂಡರ್‌ನ ತಂಡದಲ್ಲಿ ಯಾರು ನುಡಿಸುತ್ತಿದ್ದರೆಂಬುದು ಅಲ್ಲಿ ತಾನಾಗಿಯೇ ಕೇಳಿಸುತ್ತದೆ.

ಸೇಂಟ್ ಲೂಯಿಸ್‌ನಲ್ಲಿ ನೆಲೆಸಿರುವ ಕನ್ನಡಿಗ

ಮುಂದೆ ಏನು ನೋಡಬೇಕೆಂದು ಯೋಚಿಸುತ್ತಿರುವವರಿಗೆ ಒಂದು ಸಲಹೆ. ಇದೇ ಸಂಸ್ಥೆ ಐದು ವರ್ಷಗಳ ನಂತರ, 1943ರಲ್ಲಿ, ‘ಸ್ಟಾರ್ಮಿ ವೆದರ್’ ಎಂಬ ಚಿತ್ರ ಮಾಡಿತು. ಕಪ್ಪುವರ್ಣೀಯ ನರ್ತಕ ಬಿಲ್ ರಾಬಿನ್ಸನ್ ಅವರ ಬದುಕನ್ನು ಸಡಿಲವಾಗಿ ಆಧರಿಸಿದ ಅದರಲ್ಲಿ ಲೀನಾ ಹಾರ್ನ್, ಫ್ಯಾಟ್ಸ್ ವಾಲರ್, ಕ್ಯಾಬ್ ಕ್ಯಾಲೊವೇ, ನಿಕೊಲಸ್ ಸಹೋದರರು ಇದ್ದಾರೆ. ಕಥೆಯ ಎಳೆ ತೆಳುವಾದದ್ದು. ಆದರೆ ನಾಯಕ ತನ್ನ ಹಿಂದಿನ ದಿನಗಳನ್ನು ನೆನೆಯತೊಡಗಿದಾಗ ಬರುವ ಮೊದಲ ದೃಶ್ಯವನ್ನು ಗಮನವಿಟ್ಟು ನೋಡಿ. ಮಹಾಯುದ್ಧ ಮುಗಿಸಿ ಮರಳಿದ ಕಪ್ಪುವರ್ಣೀಯ ದಳ ನ್ಯೂಯಾರ್ಕಿನ ಬೀದಿಯಲ್ಲಿ ನಡೆದು ಬರುತ್ತಿದೆ, ಅದರ ವಾದ್ಯವೃಂದದ ನಾಯಕನ ಹೆಸರು ಜಿಮ್ ಯುರೋಪ್.

ಪಿಯಾನೋ ವಿದ್ಯಾರ್ಥಿನಿ, ಮೈಸೂರು

ನೋಡುತ್ತೇನೆ. ಅದಕ್ಕೆ ಮೊದಲು, ಮೃದಂಗದವರಿಗೆ ನಾನು ಬಾಕಿ ಉಳಿಸಿದ ಒಂದು ಉತ್ತರವಿದೆ. ರ‍್ಯಾಗ್‌ಟೈಮ್ ಎಷ್ಟು ವೇಗವಾಗಿ ಹೋಗಬೇಕೆಂದು ನೀವು ಕೇಳದಿದ್ದರೂ, ತಾಳ ಹಾಕಲು ಹೊರಟಾಗ ಆ ಪ್ರಶ್ನೆ ಬಂದೇ ಬರುತ್ತದೆ. ಚಿತ್ರಗಳಲ್ಲಿ ಇದನ್ನು ಬಹುತೇಕ ಓಡಿಸಿಯೇ ನುಡಿಸುತ್ತಾರೆ. ಜಾಪ್ಲಿನ್ ಮಾತ್ರ ತಮ್ಮ ಸ್ವರಲಿಪಿಗಳ ತಲೆಯ ಮೇಲೆ, ಇದನ್ನು ಬೇಗ ನುಡಿಸಬೇಡಿ, ರ‍್ಯಾಗ್‌ಟೈ‌ಮನ್ನು ಬೇಗ ನುಡಿಸುವುದು ಎಂದಿಗೂ ಸರಿಯಲ್ಲ ಎಂಬ ಅರ್ಥದ ಸೂಚನೆಯನ್ನು ಅಚ್ಚು ಹಾಕಿಸುತ್ತಿದ್ದರು. ‘ಮೇಪಲ್ ಲೀಫ್ ರ‍್ಯಾಗ್’ ಅನ್ನು ವಿಳಂಬಕ್ಕೆ ಹತ್ತಿರವಾದ ಮಧ್ಯಮ ಕಾಲದಲ್ಲಿ ನುಡಿಸಿದ ಧ್ವನಿಮುದ್ರಣವೊಂದನ್ನು ಹುಡುಕಿ, ಎಡಗೈಯ ಎಣಿಕೆಗೆ ಮಾತ್ರ ತಾಳ ಹಾಕುತ್ತಾ ಕೇಳಿ. ಬಲಗೈ ನಿಮ್ಮ ಕೈಯನ್ನು ಎಲ್ಲಿ ಎಳೆಯಲು ನೋಡುತ್ತದೆಂಬುದನ್ನು ಇಲ್ಲಿ ಬರೆಯಿರಿ.